ಅಪ್‌ಡೇಟ್: ಮೈಕ್ರೋವೇವ್‌ನಲ್ಲಿ ಯಾರ್ಕ್‌ಷೈರ್ ಪುಡ್ಡಿಂಗ್

ಇಂಗ್ಲೆಂಡಿನ ಲೀಡ್ಸ್‌ನ ಬಾಡಿಗೆ ರೂಮಲ್ಲಿ ಓವನ್ ಇಲ್ಲ, ಮೈಕ್ರೋವೇವ್‌ನಲ್ಲೇ ಯಾರ್ಕ್‌ಷೈರ್ ಪುಡ್ಡಿಂಗ್ (ಹೆಸರಿಗೆ ಪುಡ್ಡಿಂಗ್, ಸಿಹಿಯಲ್ಲ; ಗ್ರೇವಿ ಜೊತೆ ತಿನ್ನೋ, ಗರಿಗರಿಯಾಗಿ ಉಬ್ಬಿದ ಇಲ್ಲಿನ ತಿಂಡಿ) ಆಗುತ್ತಾ ಅಂತ ಹಿಂದಿನ ಪೋಸ್ಟ್‌ನಲ್ಲಿ ಕೇಳಿದ್ದೆ. ಆಗಲ್ಲ ಅಂದವರೇ ಗೆದ್ರಿ.

ಮೊಟ್ಟೆ, ಮೈದಾ, ಹಾಲು, ಮೂರೂ ಒಂದೇ ಲೋಟದಲ್ಲಿ ಸಮ ಅಳತೆ. ಕಪ್ಪಿಗೆ ಸುರಿದು 2 ನಿಮಿಷ ಇಟ್ಟೆ. ಅಂಚಿನವರೆಗೂ ಉಬ್ಬಿತು, ನಾನೂ ಉಬ್ಬಿದೆ! ಬಾಗಿಲು ತೆಗೆದದ್ದೇ ತಡ, ಪುಸ್ ಅಂತ ಕೂತುಬಿಡ್ತು. ಬೆಳ್ಳಗೆ, ರಬ್ಬರಿನ ಹಾಗೆ. ಹಿಟ್ಟಿನ ನೀರು ಕಾದು ಆವಿಯಲ್ಲಿ ಬೇಯುತ್ತೆ ಅಷ್ಟೆ. ಇಡ್ಲಿಗೆ ಅದು ಸಾಕು, ಇದರ ಗರಿಗರಿ ಗೋಡೆ ಏಳೋಕೆ ಹೊಗೆಯಾಡುವ ಎಣ್ಣೆ ಬೇಕು.

‘ಕನ್ವೆಕ್ಷನ್ ಬಟನ್ ಇದೆಯಾ ನೋಡಿ’ ಅಂದಿದ್ದವರೇ, ಇದೆ! ಬಿಸಿ ಗಾಳಿ ಸುತ್ತಿಸಿ ಮೈಕ್ರೋವೇವನ್ನೇ ಓವನ್ ಥರ ಮಾಡೋ ಬಟನ್ ಅದು. ಎರಡು ವರ್ಷದಿಂದ ಕಣ್ಣಿಗೇ ಬಿದ್ದಿರಲಿಲ್ಲ. 220 ಡಿಗ್ರಿ, ಮೊದಲು ಎಣ್ಣೆ ಕಾಯಿಸಿ, ಆಮೇಲೆ ಹಿಟ್ಟು. 25 ನಿಮಿಷ ಬಾಗಿಲು ಮುಟ್ಟಲಿಲ್ಲ. ಆರಲ್ಲಿ ನಾಲ್ಕು ಕಂದು ಬಣ್ಣಕ್ಕೆ ತಿರುಗಿ ಉಬ್ಬಿ ಎದ್ದವು. ಗ್ರೇವಿ ಬದಲು ನಿನ್ನೆಯ ಸಾಗು ಹಾಕ್ಕೊಂಡು ತಿಂದೆ, ಇಲ್ಲಿನವರಿಗೆ ಹೇಳಬೇಡಿ.