ಅರಳದೇ ಇರೋದಕ್ಕೆ ಹೂ ಅನ್ನಬಹುದಾ? ಕನ್ನೆ ಸೊಪ್ಪಿನ ಬುಡದಲ್ಲಿ ಸಿಕ್ಕ ಒಂದು ಪದದ ತೊಡಕು

ಒಂದು ಪದದ ವಿಷಯ ಕೇಳಬೇಕಿತ್ತು. ಸ್ವಲ್ಪ ಉದ್ದ ಆಗುತ್ತೆ, ಗಿಡದ ಬಗ್ಗೆ ಹೇಳದೆ ಪದ ಕೇಳೋಕೆ ಆಗಲ್ಲ. ಯಾವತ್ತೂ ಅರಳದೇ ಇರೋದನ್ನ ಕನ್ನಡದಲ್ಲಿ ಹೂ ಅಂತ ಕರೀಬಹುದಾ? ಮೊಗ್ಗಿನ ಮಾತಲ್ಲ ಇದು, ಮೊಗ್ಗು ಅಂದ್ರೆ ಇವತ್ತಲ್ಲ ನಾಳೆ ಬಿರಿಯುತ್ತೆ, ನಾನು ಹೇಳ್ತಿರೋದು ಬಿರಿಯೋದೇ ಇಲ್ಲದೆ ಮುಚ್ಚಿಕೊಂಡೇ ಕಾಯಿ ಕಟ್ಟಿಬಿಡುತ್ತಲ್ಲ, ಅದು.

ಗಿಡ ಕನ್ನೆ ಸೊಪ್ಪು. ಬೆರಕೆ ಸೊಪ್ಪಿನ ಸಾರು ತಿಂದು ಬೆಳೆದೋರಿಗೆ ಗೊತ್ತಿರುತ್ತೆ, ರಾಗಿ ಹೊಲದಲ್ಲಿ, ತೋಟದ ಬದುವಲ್ಲಿ, ಪಾತಿ ಪಕ್ಕ ಮಳೆ ಬಿದ್ದ ಮೇಲೆ ಹಬ್ಬಿಕೊಳ್ಳುತ್ತೆ, ಗೆಣ್ಣುಗೆಣ್ಣಿಗೂ ಬೇರು ಬಿಡುತ್ತೆ, ಕಿತ್ತು ಬಿಸಾಕಿದ ತುಂಡೂ ಹಸಿ ಇದ್ರೆ ಮತ್ತೆ ಚಿಗುರುತ್ತೆ. ಸಸ್ಯಶಾಸ್ತ್ರದ ಹೆಸರು ಕಾಮೆಲೈನಾ ಬೆಂಗಾಲೆನ್ಸಿಸ್. ಆ ಹೆಸರಿನ ಹಿಂದೆ ಒಂದು ಕಥೆ ಇದೆ, ಪದದ ಆಸೆ ಇರೋರಿಗೆ ಇಷ್ಟ ಆಗಬಹುದು: ಹಾಲೆಂಡಿನಲ್ಲಿ ಕಾಮೆಲಿನ್ ಅನ್ನೋ ಮನೆತನದ ಇಬ್ರು, ಯಾನ್ ಮತ್ತೆ ಅವನ ಅಣ್ಣನ ಮಗನೋ ತಮ್ಮನ ಮಗನೋ ಆದ ಕ್ಯಾಸ್ಪರ್, ಒಳ್ಳೆ ಸಸ್ಯಶಾಸ್ತ್ರಜ್ಞರು, ಅದೇ ಮನೆತನದ ಮೂರನೆಯವನು ಏನೂ ಸಾಧಿಸೋ ಮುಂಚೆ ತೀರಿಕೊಂಡ. ಈ ಜಾತಿ ಹೂವಲ್ಲಿ ಎರಡು ಎಸಳು ಎದ್ದು ಕಾಣುತ್ತೆ, ಮೂರನೆಯದು ಕಣ್ಣಿಗೆ ಬೀಳಲ್ಲ, ಅದಕ್ಕೇ ಇದಕ್ಕೆ ಅವರ ಹೆಸರು ಅಂತ ಗಿಡಗಳಿಗೆ ಶಾಸ್ತ್ರೀಯ ಹೆಸರಿಡೋ ಪದ್ಧತಿ ತಂದ ಲಿನೇಯಸ್ ವಿವರಿಸಿದ್ದ. ಸತ್ತವನನ್ನೂ ಬಿಡದೆ ಒಂದು ಸಣ್ಣ ಎಸಳಲ್ಲಿ ಉಳಿಸಿದ್ದಾನೆ ಅಂತ ನಂಗೆ ಈ ಕಥೆ ತುಂಬ ಹಿಡಿಸ್ತು.

ಕಳೆದ ಮಳೆಗಾಲ ಊರಿಗೆ ಹೋದಾಗ ರಾಗಿ ಹೊಲದಲ್ಲಿ ಕಳೆ ಕೀಳ್ತಿದ್ರು, ನಾನೂ ಕೂತೆ. ಬೆಳಗ್ಗೆ ಎಂಟು ಗಂಟೆ ಇರಬಹುದು, ಕನ್ನೆ ಸೊಪ್ಪು ತುಂಬ ನೀಲಿ ಹೂ. ಒಂದು ಬಳ್ಳೀನ ಬುಡ ಸಮೇತ ಎಳೆದೆ, ಮಣ್ಣು ಹಸಿ ಇತ್ತು, ಪೂರ್ತಿ ಬಂತು. ಬೇರಿನ ಜೊತೆ ಬಿಳೀ ದಾರದಂಥ ಕಾಂಡ, ಅದರ ಮೇಲೆ ಅಲ್ಲಲ್ಲಿ ಬಿಳಿಚಿಕೊಂಡ ಪುಟ್ಟ ಗಂಟುಗಳು. ಹುಳದ ಗೂಡು ಅಂದ್ಕೊಂಡೆ. ಪಕ್ಕದಲ್ಲಿ ಕಳೆ ಕೀಳ್ತಿದ್ದ ಅಜ್ಜಿ ‘ಬೇರಿನ ಕಾಯಿ ಕಣಪ್ಪ ಅದು, ಅದ್ನ ಬಿಟ್ರೆ ಮುಂದಿನ ವರ್ಷ ಮತ್ತೆ ನೀನೇ ಬಂದು ಕೀಳ್ಬೇಕು’ ಅಂದ್ರು. ಉಗುರಲ್ಲಿ ಒಂದನ್ನ ಬಿಡಿಸಿದೆ. ಮೇಲಿನ ಹೂವಿಗೆ ಇರೋ ಹಾಗೇ ಸಣ್ಣ ದೊನ್ನೆ, ಬಣ್ಣ ಇಲ್ಲ ಅಷ್ಟೆ, ಅದರೊಳಗೆ ಇರುವೆ ಮೊಟ್ಟೆಯಂಥ ಒಂದು ಮೊಗ್ಗು, ಇನ್ನೊಂದರಲ್ಲಿ ಆಗಲೇ ಕಾಯಿ. ಅಂದ್ರೆ ಇದೂ ಹೂವೇ. ಬೆಳಕು ಕಾಣದೆ, ಬಿರಿಯದೆ, ಜೇನು ಮುಟ್ಟದೆ, ತನ್ನ ಪರಾಗ ತನ್ನ ಮೇಲೇ ಬಿದ್ದು ಬೀಜ ಕಟ್ಟುತ್ತೆ.

ಆಮೇಲೆ ಮೇಲಿನ ಹೂವನ್ನೂ ಸರಿಯಾಗಿ ನೋಡಿದೆ. ಹಸಿರು ದೊನ್ನೆ ಹಿಸುಕಿದ್ರೆ ಲೋಳೆ ಬರುತ್ತೆ, ಒಳಗೆ ಹೂಗಳು ಸಾಲಾಗಿ ಕಾಯ್ತಾ ಇರುತ್ವೆ, ಒಂದೊಂದೇ ಹೊರಗೆ ತಲೆ ಹಾಕುತ್ತೆ, ಬೆಳಗ್ಗೆ ಅರಳಿದ್ದು ಮಧ್ಯಾಹ್ನದ ಹೊತ್ತಿಗೆ ಮುದುಡಿ ನೀರಾಗಿರುತ್ತೆ. ಅದರಲ್ಲೂ ಒಂದೇ ಥರ ಇಲ್ಲ, ಕೆಲವು ಗಂಡು ಹೂ, ಕೇಸರ ಮಾತ್ರ, ಕೆಲವು ಎರಡೂ ಇರೋವು. ಹಾಗೆ ನೋಡಿದ್ರೆ ಒಂದೇ ಬಳ್ಳೀಲಿ ಮೂರು ಬಗೆ. ಬೀಜದಲ್ಲೂ ವ್ಯತ್ಯಾಸ, ಮೇಲಿನ ಕಾಯಲ್ಲಿ ಸಾಮಾನ್ಯವಾಗಿ ಐದು, ಒಂದು ದಪ್ಪ ನಾಲ್ಕು ಸಣ್ಣ, ನೆಲದೊಳಗಿನ ಕಾಯಲ್ಲಿ ಕಮ್ಮಿ, ಆದ್ರೆ ಗಾತ್ರದಲ್ಲಿ ದೊಡ್ಡದು. ದನ ಮೇಯಲಿ, ಕುಡುಗೋಲು ಬೀಳಲಿ, ಔಷಧಿ ಹೊಡೀಲಿ, ಮೇಲಿನದು ಹೋದ್ರೂ ಕೆಳಗಿನದು ಉಳಿಯುತ್ತೆ. ಅಮೆರಿಕದ ಜಾರ್ಜಿಯಾದಲ್ಲಿ ಹತ್ತಿ ಬೆಳೆಯೋರಿಗೆ ಇದು ದೊಡ್ಡ ತಲೆನೋವಿನ ಕಳೆ ಆಗಿದೆ. ನಮ್ಮಲ್ಲಿ ಸಸ್ಯಶಾಸ್ತ್ರಜ್ಞ ಪಂಚಾನನ ಮಾಹೇಶ್ವರಿ ಅವರು 1950ರ ದಶಕದಲ್ಲೇ ಈ ಗಿಡದ ಎರಡು ರೂಪದ ಹೂಗಳ ಬಗ್ಗೆ ಬರೆದಿದ್ರು.

ಈಗ ಪದಕ್ಕೆ ಬರ್ತೀನಿ. ವಿಜ್ಞಾನದಲ್ಲಿ ಇದಕ್ಕೆ ಕ್ಲೀಸ್ಟೋಗಮಿ ಅಂತಾರೆ, ಗ್ರೀಕಲ್ಲಿ ಕ್ಲೀಸ್ಟೋಸ್ ಅಂದ್ರೆ ಮುಚ್ಚಿದ, ಗಾಮೋಸ್ ಅಂದ್ರೆ ಮದುವೆ. ಬಾಗಿಲು ಹಾಕ್ಕೊಂಡು ಮಾಡ್ಕೊಂಡ ಮದುವೆ. ಕನ್ನಡದಲ್ಲಿ ಏನನ್ನೋಣ? ನಮ್ಮ ಮಾತಲ್ಲಿ ಮೊಗ್ಗು, ಹೂ, ಮಿಡಿ ಅಥವಾ ಹೀಚು, ಕಾಯಿ, ಹಣ್ಣು ಅಂತ ಮೆಟ್ಟಿಲು ಚೆನ್ನಾಗಿದೆ, ಆದ್ರೆ ಈ ಮೆಟ್ಟಿಲಲ್ಲಿ ಮೊಗ್ಗು ಹೂ ಆಗೋದು ಅರಳಿದಾಗಲೇ. ‘ಇನ್ನೂ ಹೂ ಆಗಿಲ್ಲ, ಮೊಗ್ಗು’ ಅಂತ ಹೂ ಮಾರೋರೇ ಹೇಳ್ತಾರಲ್ಲ. ಆ ಲೆಕ್ಕದಲ್ಲಿ ‘ಅರಳದ ಹೂ’ ಅಂದ್ರೆ ಕೇಳೋರಿಗೆ ಮೊಗ್ಗು ಅಂತಲೇ ಅನ್ಸುತ್ತೆ, ಇಲ್ಲ ಏನೋ ಶೋಕದ ಮಾತು ಅನ್ಸುತ್ತೆ. ‘ಅತ್ತಿ ಹೂ ಕಂಡೋರುಂಟಾ’ ಅನ್ನೋ ಮಾತು ಇದಕ್ಕೆ ಹತ್ರ ಬರುತ್ತೆ ಅಂತ ಒಬ್ರು ಹೇಳಿದ್ರು, ಆದ್ರೆ ಅತ್ತಿ ಬೇರೆ, ಅಲ್ಲಿ ನೂರಾರು ಹೂ ಕಾಯೊಳಗೆ ಮುಚ್ಚಿಕೊಂಡಿರೋದು ನಿಜ, ಒಳಗೆ ನುಗ್ಗೋ ಕಣಜದಂಥ ಸಣ್ಣ ಹುಳ ಇಲ್ದೆ ಅದರ ಬೀಜ ಕಟ್ಟಲ್ಲ. ಕನ್ನೆ ಸೊಪ್ಪಿಗೆ ನೆಲದೊಳಗೆ ಯಾರೂ ಬೇಡ.

ಹೀಗೆ ಯೋಚಿಸ್ತಾ ಇದ್ದಾಗ ‘ಹೂತ’ ಅನ್ನೋ ಪದ ನೆನಪಾಯ್ತು, ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ ನೋಡಿ. ಹೂತ ಮಾವು ಅಂದ್ರೆ ಹೂ ಬಿಟ್ಟ ಮಾವು. ನೆಲದಲ್ಲಿ ಹೂತ ನಿಧಿ ಅಂದ್ರೆ ಹುಗಿದಿಟ್ಟ ನಿಧಿ. ಬೇರು ಎರಡೂ ಬೇರೆ ಬೇರೆ, ಹಳಗನ್ನಡದಲ್ಲಿ ಒಂದು ಪೂ, ಇನ್ನೊಂದು ಪೂೞ್, ೞಕಾರ ಇರೋದು. ತೆಲುಗಲ್ಲಿ ಇವತ್ತಿಗೂ ಪೂಚು, ಪೂಡ್ಚು ಅಂತ ಬೇರೆ ಬೇರೆಯಾಗೇ ಉಳಿದಿದೆ. ನಮ್ಮಲ್ಲಿ ೞ ಸವೆದು ಹೋಗಿ ಎರಡೂ ಬಂದು ‘ಹೂತ’ದಲ್ಲಿ ಸೇರಿಕೊಂಡ್ವು. ಈ ಗಿಡದ ಮಟ್ಟಿಗೆ ಎರಡರ್ಥವೂ ಒಟ್ಟಿಗೆ ನಿಜ, ಮೇಲೂ ಹೂತಿದೆ, ಕೆಳಗೂ ಹೂತಿದೆ. ‘ಹೂತಹೂ’ ಅಂತ ಕರೆದ್ರೆ ಎಷ್ಟು ಚೆನ್ನಾಗಿರುತ್ತೆ ಅನ್ಸಿತ್ತು. ಆದ್ರೆ ಎಲ್ಲ ಮುಚ್ಚಿದ ಹೂಗಳೂ ನೆಲದೊಳಗೇ ಇರಲ್ಲ, ವಯೋಲೆಟ್ ಗಿಡದಲ್ಲಿ ಎಲೆಯ ಬುಡದಲ್ಲೇ ಇರೋದುಂಟು. ಹಾಗಾಗಿ ಒಟ್ಟು ವಿಷಯಕ್ಕೆ ‘ಮುಚ್ಚುಹೂ’, ಅದರ ಎದುರಿಗೆ ‘ಅರಳುಹೂ’, ಕನ್ನೆ ಸೊಪ್ಪಿನಂಥವಕ್ಕೆ ಮಾತ್ರ ‘ಹೂತಹೂ’ ಅಂತ ಇಟ್ಕೊಳ್ಳೋದು ಸರಿ ಅಂತ ನನ್ನ ಅನಿಸಿಕೆ. ‘ಗುಪ್ತಪುಷ್ಪ’, ‘ಸಂವೃತಪುಷ್ಪ’ ಅಂತೆಲ್ಲ ಕಟ್ಟಬಹುದು, ಪರೀಕ್ಷೆಗೆ ಓದೋ ಮಕ್ಕಳು ಬಾಯಿಪಾಠ ಮಾಡ್ತಾರೆ, ಆದ್ರೆ ಹೊಲದಲ್ಲಿ ಕೂತೋರ ಬಾಯಲ್ಲಿ ಅದು ನಿಲ್ಲಲ್ಲ.

ಇನ್ನೊಂದು, ‘ಕನ್ನೆ’ ಯಾವ ಕನ್ನೆ? ಜೇನಿಲ್ದೆ ಕಾಯಿ ಕಟ್ಟುತ್ತಲ್ಲ, ಅದಕ್ಕೇ ಕನ್ಯೆ ಅಂತ ಹೆಸರು ಅಂತ ಒಬ್ಬ ಸ್ನೇಹಿತರು ವಾದ ಮಾಡಿದ್ರು. ಕೇಳೋಕೆ ಇಂಪಾಗಿದೆ, ನಂಗೆ ಒಪ್ಪಿಗೆ ಇಲ್ಲ. ಮರಾಠಿಯಲ್ಲಿ ಇದೇ ಸೊಪ್ಪಿಗೆ ಕೇನಾ ಅಂತಾರೆ, ತಮಿಳಲ್ಲಿ ಕಾನಾಂವಾಳೈ, ಅಕ್ಕಪಕ್ಕದ ಭಾಷೆಗಳಲ್ಲಿ ಈ ಕಾನಾ ಕೇನಾ ಸದ್ದು ಇಷ್ಟು ಹತ್ರ ಇರೋವಾಗ ಹುಡುಗಿ ಅನ್ನೋ ಅರ್ಥ ಆಮೇಲೆ ಅಂಟಿಕೊಂಡಿದ್ದು ಅಂತಲೇ ನಂಗೆ ಕಾಣುತ್ತೆ. ಪರಾಗ ಬಿದ್ದೇ ಬೀಜ ಆಗೋದ್ರಿಂದ ಆ ವಾದ ಗಿಡದ ಮಟ್ಟಿಗೂ ನಿಲ್ಲಲ್ಲ.

ಹೂವಿನ ಬಗೆಗಳಿಗೆ ನಮ್ಮ ಜನ ಹೆಸರಿಡದೆ ಬಿಟ್ಟಿಲ್ಲ ಅನ್ನೋದು ನನ್ನ ನಂಬಿಕೆ. ಕುಂಬಳ ಬಳ್ಳೀಲಿ ಗಂಡು ಹೂ, ಹೆಣ್ಣು ಹೂ ಅಂತಾರೆ, ಗಂಡು ಹೂವಿಗೆ ನಮ್ಮನೇಲಿ ‘ಪೊಳ್ಳು ಹೂ’ ಅಂತಲೂ ಅಂತಿದ್ರು, ಅದು ಉದುರಿಹೋಗುತ್ತೆ ಅಂತ, ಅದು ಇಲ್ದಿದ್ರೆ ಕುಂಬಳಕಾಯೇ ಇಲ್ಲ ಅನ್ನೋದು ಬೇರೆ ಮಾತು. ಕಡ್ಲೆಕಾಯಿ ಹೂ ಬಾಡಿ ನೆಲಕ್ಕೆ ಇಳಿಯೋದಕ್ಕೆ ‘ಸೂಜಿ ಇಳೀತು’ ಅಂತಾರೆ. ಅಷ್ಟು ಸೂಕ್ಷ್ಮವಾಗಿ ನೋಡೋರು ಕನ್ನೆ ಸೊಪ್ಪಿನ ಬುಡದಲ್ಲಿರೋದಕ್ಕೆ ‘ಬೇರಿನ ಕಾಯಿ’ ಬಿಟ್ಟು ಇನ್ನೇನಾದ್ರೂ ಅಂದಿರ್ಲೇಬೇಕು. ಕೋಲಾರ, ಹಾಸನ, ಧಾರವಾಡ, ರಾಯಚೂರು ಕಡೆಯೋರು ದಯವಿಟ್ಟು ಮನೆಯ ಹಿರಿಯರನ್ನ, ಅದರಲ್ಲೂ ಕಳೆ ಕೀಳೋಕೆ ಹೋಗ್ತಿದ್ದ ಹೆಂಗಸರನ್ನ ಕೇಳಿ. ಗಿಡ ತೋರಿಸಿ ಕೇಳಿ, ಬರೀ ಹೆಸರು ಹೇಳಿ ಕೇಳಿದ್ರೆ ಸೊಪ್ಪಿನ ಸಾರಿನ ಕಡೆಗೆ ಮಾತು ಹೋಗುತ್ತೆ, ಬುಡ ಸಮೇತ ಕಿತ್ತು ಆ ಬಿಳೀ ಗಂಟು ತೋರಿಸಿ.