ದಸರಾ ರಜೆಗೆ ಕಡಲತೀರ: ಹಿರಿಯರು, ಮಕ್ಕಳೊಂದಿಗೆ ಹೊರಡುವವರಿಗೆ ಕೆಲವು ಅನುಭವಗಳು

ಕೋರಿಕೆ (ದಾವಣಗೆರೆ, ವಿದ್ಯಾನಗರ): ದಸರಾ ರಜೆಯಲ್ಲಿ ಮೂರು ದಿನ ಸಮುದ್ರದ ಕಡೆ ಹೋಗಿಬರಬೇಕೆಂದು ಮನೆಯಲ್ಲಿ ನಿಶ್ಚಯಿಸಿದ್ದೇವೆ. ಮೊಣಕಾಲು ನೋವಿರುವ ನಮ್ಮ ಅತ್ತೆಯವರು ಹಾಗೂ ಆರು ಮತ್ತು ಹನ್ನೊಂದು ವರ್ಷದ ಮಕ್ಕಳು ಜೊತೆಗಿರುತ್ತಾರೆ. ಸ್ವಂತ ಕಾರಿದೆ. ಮಕ್ಕಳು ಇದುವರೆಗೆ ಸಮುದ್ರವನ್ನು ನೋಡಿಲ್ಲ. ಜೋಗ, ಗೋಕರ್ಣ, ಮುರುಡೇಶ್ವರ, ಉಡುಪಿ ಎಲ್ಲವನ್ನೂ ಒಂದೇ ಸುತ್ತಿನಲ್ಲಿ ಮುಗಿಸಬಹುದೇ? ಯಾವ ದಾರಿ ಹಿಡಿಯಬೇಕು, ಎಲ್ಲಿ ತಂಗಬೇಕು ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಿ.

ದಾವಣಗೆರೆ, ಪಿ.ಜೆ. ಬಡಾವಣೆಯಿಂದ:

ಸಹೋದರಿಯವರೇ, ನಾಲ್ಕೂ ಊರುಗಳ ಆಸೆಯನ್ನು ಈ ಸಲಕ್ಕೆ ಬಿಟ್ಟುಬಿಡಿ ಎಂದು ಮೊದಲೇ ಕೇಳಿಕೊಳ್ಳುತ್ತೇನೆ. ಘಟ್ಟ ಇಳಿದು ಹೊನ್ನಾವರ ತಲುಪಿದ ಮೇಲೆ ಗೋಕರ್ಣ ಉತ್ತರಕ್ಕೆ, ಮುರುಡೇಶ್ವರ ಮತ್ತು ಉಡುಪಿ ದಕ್ಷಿಣಕ್ಕೆ ಉಳಿಯುತ್ತವೆ. ಅದರಲ್ಲೂ ಉಡುಪಿಗೆ ಅಲ್ಲಿಂದ ಮತ್ತೆ ನೂರು ಕಿಲೋಮೀಟರಿಗೂ ಹೆಚ್ಚು ದಾರಿ ಇದೆ. ಹೋಗುವುದಕ್ಕೊಂದು, ಬರುವುದಕ್ಕೊಂದು ದಿನ ಕಳೆದರೆ ನಿಮಗೆ ಸಮುದ್ರದ ಜೊತೆ ಪೂರ್ತಿಯಾಗಿ ಸಿಗುವುದು ನಡುವಿನ ಒಂದೇ ದಿನ. ಆ ದಿನವನ್ನೂ ಹೆದ್ದಾರಿಯಲ್ಲಿ ಕಳೆದರೆ ಅತ್ತೆಯವರಿಗೆ ಕಾಲುನೋವು, ಮಕ್ಕಳಿಗೆ ಬೇಸರ ಬಿಟ್ಟರೆ ಬೇರೇನೂ ಉಳಿಯುವುದಿಲ್ಲ.

ದಾರಿಗಳು ಎರಡು. ಒಂದು, ಹೊನ್ನಾಳಿ, ಶಿವಮೊಗ್ಗ, ಸಾಗರ ದಾಟಿ ಜೋಗದ ಬಳಿಯ ಮಾವಿನಗುಂಡಿಯಿಂದ ಗೇರುಸೊಪ್ಪೆಗೆ ಇಳಿದು ಹೊನ್ನಾವರ ಸೇರುವುದು. ಸುಮಾರು 240 ಕಿಲೋಮೀಟರ್ ಆಗುತ್ತದೆ. ಇನ್ನೊಂದು, ಹರಿಹರ, ರಾಣೆಬೆನ್ನೂರಿನ ಮೇಲೆ ಹಾವೇರಿಯವರೆಗೆ ಹೆದ್ದಾರಿಯಲ್ಲಿ ಹೋಗಿ, ಹಾನಗಲ್, ಶಿರಸಿಯ ಮೂಲಕ ದೇವಿಮನೆ ಘಟ್ಟ ಇಳಿದು ಕುಮಟಾ ಸೇರುವುದು. ಎರಡನೆಯದು ಕೊಂಚ ಹತ್ತಿರ, ಅರ್ಧ ದಾರಿ ಸಲೀಸು. ಆದರೆ ಶಿರಸಿ–ಕುಮಟಾ ರಸ್ತೆಯ ವಿಸ್ತರಣೆ ಕಾಮಗಾರಿಗಾಗಿ ಈಚಿನ ವರ್ಷಗಳಲ್ಲಿ ಸಂಚಾರವನ್ನು ಆಗಾಗ ನಿರ್ಬಂಧಿಸಿರುವುದರಿಂದ, ಹೊರಡುವ ಹಿಂದಿನ ದಿನ ಶಿರಸಿಯ ಕಡೆ ಪರಿಚಯವಿರುವ ಯಾರನ್ನಾದರೂ ಕೇಳಿಯೇ ಆ ದಾರಿ ಹಿಡಿಯಿರಿ. ನನ್ನ ಆಯ್ಕೆ ಯಾವಾಗಲೂ ಸಾಗರದ ದಾರಿ. ಜೋಗವು ಹಾದಿಯಲ್ಲೇ ಸಿಗುತ್ತದೆ, ಮುಂಗಾರು ಚೆನ್ನಾಗಿ ಆಗಿದ್ದ ವರ್ಷ ದಸರಾ ಹೊತ್ತಿಗೂ ನೀರು ನೋಡುವಂತಿರುತ್ತದೆ. ಕೆಳಗಿನ ಗುಂಡಿಯವರೆಗೆ ಮೆಟ್ಟಿಲು ಇಳಿಯುವ ಯೋಚನೆ ಬೇಡ; ಮೇಲಿನಿಂದ ನೋಡಿ ಹೊರಟರೆ ಸಾಕು.

ಬೆಳಗಿನ ಜಾವ ಐದಕ್ಕೆ ಊರು ಬಿಟ್ಟರೆ ಸಾಗರದಲ್ಲಿ ತಿಂಡಿ ಮುಗಿಸಿ, ಮಧ್ಯಾಹ್ನದ ಊಟದ ಹೊತ್ತಿಗೆ ಘಟ್ಟದ ಕೆಳಗಿರಬಹುದು. ತಿಂಡಿಗೆ ಎರಡು ಇಡ್ಲಿಯಂಥ ಹಗುರ ಆಹಾರ ಇರಲಿ. ಮಕ್ಕಳಿಗೆ ಪೂರಿ, ವಡೆ ತಿನ್ನಿಸಿ ತಿರುವುಗಳಿಗೆ ಕರೆದೊಯ್ದರೆ ವಾಂತಿ ತಪ್ಪುವುದಿಲ್ಲ. ವಾಂತಿಯ ಮಾತ್ರೆಯನ್ನು ವೈದ್ಯರನ್ನು ಕೇಳಿ ಘಟ್ಟಕ್ಕೆ ಅರ್ಧ ಗಂಟೆ ಮೊದಲೇ ಕೊಡಬೇಕು, ವಾಂತಿ ಶುರುವಾದ ಮೇಲೆ ಕೊಟ್ಟು ಪ್ರಯೋಜನವಿಲ್ಲ. ಕತ್ತಲಲ್ಲಿ ಘಟ್ಟ ಇಳಿಯುವುದು ಮಾತ್ರ ಬೇಡವೇ ಬೇಡ. ನಮ್ಮ ಬಯಲುಸೀಮೆಯ ನೇರ ರಸ್ತೆಯಲ್ಲಿ ಎಷ್ಟೇ ವರ್ಷ ಓಡಿಸಿದ್ದರೂ ಮಂಜು, ಮಳೆ, ಎದುರಿನ ಲಾರಿಯ ದೀಪ ಒಟ್ಟಾಗಿ ಬಂದಾಗ ಆ ಅಭ್ಯಾಸ ನೆರವಿಗೆ ಬರುವುದಿಲ್ಲ.

ತಂಗುವುದಕ್ಕೆ ಗೋಕರ್ಣಕ್ಕಿಂತ ಹೊನ್ನಾವರ ಅಥವಾ ಮುರುಡೇಶ್ವರವನ್ನು ಸೂಚಿಸುತ್ತೇನೆ. ಗೋಕರ್ಣ ನನಗೆ ಬಹಳ ಪ್ರಿಯವಾದ ಕ್ಷೇತ್ರ, ಆದರೆ ದೇವಸ್ಥಾನದ ಸುತ್ತಲಿನ ಬೀದಿಗಳು ಇಕ್ಕಟ್ಟು, ಕಾರನ್ನು ದೂರದಲ್ಲಿ ನಿಲ್ಲಿಸಿ ನಡೆಯಬೇಕು, ಓಂ ಕಡಲತೀರಕ್ಕೆ ಮೆಟ್ಟಿಲಿಳಿದೇ ಹೋಗಬೇಕು. ಮೊಣಕಾಲು ನೋವಿರುವವರಿಗೆ ಅದು ಹಿಂಸೆ. ಮುರುಡೇಶ್ವರದಲ್ಲಿ ಮೂರು ಕಡೆ ಸಮುದ್ರ ಸುತ್ತುವರಿದ ಕಂದುಕಗಿರಿಯ ಮೇಲೆ ದೇವಸ್ಥಾನವಿದೆ, 123 ಅಡಿಯ ಶಿವನ ಮೂರ್ತಿ ಊರಿನ ಯಾವ ಮೂಲೆಯಿಂದಲೂ ಕಾಣುತ್ತದೆ, ರಾಜಗೋಪುರಕ್ಕೆ ಲಿಫ್ಟ್ ಇರುವುದರಿಂದ ಅತ್ತೆಯವರೂ ಮೇಲೇರಿ ಕಡಲನ್ನು ನೋಡಬಹುದು. ರಜೆಯ ದಿನಗಳಲ್ಲಿ ಲಿಫ್ಟಿಗೆ ಸಾಲು ಉದ್ದವಾಗುತ್ತದೆ, ಬೆಳಿಗ್ಗೆ ಬೇಗ ಹೋಗಿ. ಜನಸಂದಣಿ ಬೇಡವೆನಿಸಿದರೆ ಹೊನ್ನಾವರವೇ ಲೇಸು. ಶರಾವತಿಯ ಸೇತುವೆ ದಾಟಿದರೆ ಕಾಸರಕೋಡಿನ ಕಡಲತೀರ. 2020ರಲ್ಲಿ ಪಡುಬಿದ್ರಿಯ ಜೊತೆ, ಸ್ವಚ್ಛ ಹಾಗೂ ಸುರಕ್ಷಿತ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಈ ತೀರದಲ್ಲಿ ಶೌಚಾಲಯ, ಸ್ನಾನದ ವ್ಯವಸ್ಥೆ, ಬಟ್ಟೆ ಬದಲಿಸುವ ಕೋಣೆಗಳಿವೆ. ಹೆಣ್ಣುಮಕ್ಕಳಿಗೆ ಇದು ಎಷ್ಟು ಮುಖ್ಯವೆಂಬುದು ನಿಮಗೆ ಗೊತ್ತೇ ಇದೆ. ಹತ್ತಿರದಲ್ಲೇ ಅರಣ್ಯ ಇಲಾಖೆಯವರು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಹಾಕಿರುವ ಮರದ ಹಲಗೆಗಳ ಕಾಲುದಾರಿ ಇದೆ. ಇಡಗುಂಜಿಯ ಗಣಪತಿಗೆ ಪಂಚಕಜ್ಜಾಯ ಮಾಡಿಸಿ, ಅಪ್ಸರಕೊಂಡದ ಮೇಲಿನಿಂದ ಸಂಜೆಯ ಸಮುದ್ರ ನೋಡಿ ಬಂದರೆ ನಡುವಿನ ದಿನ ತುಂಬಿಹೋಗುತ್ತದೆ.

ಹೊರಡುವ ದಿನದ ಬಗ್ಗೆ ಒಂದು ಮಾತು. ಆಯುಧಪೂಜೆಯನ್ನೂ ಬನ್ನಿ ಮುಡಿಯುವುದನ್ನೂ ಊರಿನಲ್ಲೇ ಮುಗಿಸಿ, ವಿಜಯದಶಮಿಯ ಮರುದಿನ ಹೊರಡಿ. ಹಬ್ಬಕ್ಕೆ ಅಂಟಿಕೊಂಡ ರಜೆಗಳಲ್ಲಿ ಬೆಂಗಳೂರಿನಿಂದ ಬರುವವರ ಸಂಖ್ಯೆ ಹೆಚ್ಚಿ ಬಾಡಿಗೆಯೂ ಏರಿರುತ್ತದೆ. ಶಾಲೆಯ ರಜೆ ಇನ್ನೂ ಉಳಿದಿರುವ ವಾರದ ನಡುವಿನ ದಿನಗಳಲ್ಲಿ ಅದೇ ಕೋಣೆ ಕಡಿಮೆಗೆ ಸಿಗುತ್ತದೆ.

ದಾವಣಗೆರೆ, ನಿಟುವಳ್ಳಿಯಿಂದ:

ನನ್ನ ತವರು ಹೊನ್ನಾವರ, ಸೊಸೆಯಾಗಿ ಬಂದದ್ದು ದಾವಣಗೆರೆಗೆ. ದಾರಿ, ಊರುಗಳ ಬಗ್ಗೆ ಅಣ್ಣನವರು ಬರೆದದ್ದಕ್ಕೆ ನನ್ನ ಸಂಪೂರ್ಣ ಒಪ್ಪಿಗೆಯಿದೆ. ನನಗೆ ಹೇಳಬೇಕಾಗಿರುವುದು ನೀರಿನ ಬಗ್ಗೆ; ಇದನ್ನು ದಯವಿಟ್ಟು ನಿಮ್ಮ ಮನೆಯವರಿಗೂ ಓದಿ ಹೇಳಿ.

ಭದ್ರಾ ನಾಲೆಯಲ್ಲಿ ಈಜು ಕಲಿತವರು ಸಮುದ್ರವನ್ನು ಕಂಡಾಗ ಹೆಚ್ಚಿನ ಧೈರ್ಯ ತೋರುತ್ತಾರೆ. ನಾಲೆಯ ನೀರು ಒಂದೇ ಕಡೆ ಹರಿಯುತ್ತದೆ, ದಡ ಎರಡೂ ಬದಿಗೆ ಕೈಗೆಟುಕುತ್ತದೆ. ಸಮುದ್ರದಲ್ಲಿ ತೆರೆ ದಡಕ್ಕೆ ತಂದು ಹಾಕಿದ ನೀರು ಹಿಂದಿರುಗಲು ಒಂದು ಕಿರಿದಾದ ಜಾಡು ಮಾಡಿಕೊಂಡು ರಭಸದಿಂದ ಒಳಕ್ಕೆ ಸೆಳೆಯುತ್ತದೆ. ಆ ಜಾಡಿನಲ್ಲಿ ತೆರೆಗಳು ಹೆಚ್ಚು ಒಡೆಯುವುದಿಲ್ಲವಾದ್ದರಿಂದ ನೋಡುವವರಿಗೆ ಅದೇ ಶಾಂತವಾದ ಜಾಗವೆಂದು ಕಾಣುತ್ತದೆ, ಹೊಸಬರು ಮಕ್ಕಳನ್ನು ಅಲ್ಲಿಗೇ ಇಳಿಸುತ್ತಾರೆ. ಸೆಳೆತಕ್ಕೆ ಸಿಕ್ಕವರು ದಡದ ಕಡೆಗೆ ನೇರವಾಗಿ ಈಜಲು ಹೋಗಿ ಬಳಲುತ್ತಾರೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಆ ಜಾಡಿನಿಂದ ಹೊರಬಂದ ಮೇಲೆ ತೆರೆಗಳ ಜೊತೆ ದಡಕ್ಕೆ ಬರಬೇಕು. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹೆಣ್ಣುಮಕ್ಕಳು ಮುರುಡೇಶ್ವರದಲ್ಲಿ ಸಮುದ್ರಪಾಲಾದರು. ಅದು ಮಳೆಗಾಲವಲ್ಲ ಎಂಬುದನ್ನು ನೆನಪಿಡಿ.

ಆದ್ದರಿಂದ ಮೊಣಕಾಲು ಮಟ್ಟದ ನೀರು ದಾಟುವುದು ಬೇಡ, ಒಂದು ಮಗುವಿಗೆ ಒಬ್ಬ ದೊಡ್ಡವರು ಕೈ ಹಿಡಿದೇ ನಿಲ್ಲಬೇಕು, ಆ ಹೊತ್ತಿನಲ್ಲಿ ಮೊಬೈಲು ಅತ್ತೆಯವರ ಚೀಲದಲ್ಲಿರಲಿ. ಕೆಂಪು ಬಾವುಟ ಕಂಡರೆ ಅಥವಾ ಲೈಫ್‌ಗಾರ್ಡ್ ಸೀಟಿ ಊದಿದರೆ ಮರುಮಾತಿಲ್ಲದೆ ಮೇಲೆ ಬನ್ನಿ. ಭರತ ಮತ್ತು ಇಳಿತ ದಿನಕ್ಕೆ ಎರಡೆರಡು ಬಾರಿ ಆಗುತ್ತವೆ, ಪ್ರತಿದಿನ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು ತಡವಾಗುತ್ತಾ ಹೋಗುತ್ತವೆ; ಅಂದಿನ ವೇಳೆಯನ್ನು ಮೀನುಗಾರರನ್ನು ಕೇಳಿದರೆ ಸರಿಯಾಗಿ ಹೇಳುತ್ತಾರೆ. ಅಷ್ಟಮಿಯಿಂದ ದಶಮಿಯವರೆಗೆ ಏರಿಳಿತ ಕಡಿಮೆಯಿದ್ದು ಸೀಗೆ ಹುಣ್ಣಿಮೆಯ ಕಡೆಗೆ ಹೆಚ್ಚುತ್ತದೆ. ಹೀಗಾಗಿ ಮೊದಲ ದಿನ ಚೀಲವಿಟ್ಟು ಕುಳಿತ ಜಾಗಕ್ಕೆ ಮೂರನೆಯ ದಿನ ನೀರು ಬರಬಹುದು. ಬಂಡೆಗಳ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುವುದನ್ನು ನಮ್ಮೂರಿನವರು ಯಾರೂ ಮಾಡುವುದಿಲ್ಲ; ಪಾಚಿಗೆ ಕಾಲು ನಿಲ್ಲುವುದಿಲ್ಲ.

ಮಕ್ಕಳಿಗೆ ಭಯ ಹುಟ್ಟಿಸಲು ಇದನ್ನೆಲ್ಲ ಬರೆಯಲಿಲ್ಲ. ಸಂಜೆ ನಾಲ್ಕರ ಮೇಲೆ ಒದ್ದೆ ಮರಳಿನಲ್ಲಿ ಗುಂಡಿ ತೋಡಿ ಏಡಿ ಹುಡುಕುತ್ತಾ ಕುಳಿತರೆ ಮಕ್ಕಳಿಗೆ ಆಳದ ನೀರಿನ ನೆನಪೂ ಬರುವುದಿಲ್ಲ. ನಡುಮಧ್ಯಾಹ್ನ ಮಾತ್ರ ಬೇಡ. ನಮ್ಮ ದಾವಣಗೆರೆಯ ಬಿಸಿಲು ಒಣಬಿಸಿಲು, ಅಲ್ಲಿಯದು ಬೆವರಿಳಿಸಿ ಸುಸ್ತು ಮಾಡುವ ಬಿಸಿಲು. ನೀರು, ಎಳನೀರು ಧಾರಾಳವಾಗಿ ಕುಡಿಸಿ.

ಚಿತ್ರದುರ್ಗದಿಂದ:

ನಮ್ಮದು ಕಾರಿಲ್ಲದ ಕುಟುಂಬ, ಬಸ್ಸಿನಲ್ಲೇ ಹೋಗಿಬರುತ್ತೇವೆ. ಹಾಗೆ ಯೋಚಿಸುತ್ತಿರುವವರಿಗಾಗಿ ಎರಡು ಮಾತು. ಹೊಳಲ್ಕೆರೆ, ಚನ್ನಗಿರಿಯ ಮೇಲೆ ಶಿವಮೊಗ್ಗ ಸೇರಿ, ಅಲ್ಲಿಂದ ಸಾಗರದ ಮೂಲಕ ಹೊನ್ನಾವರದ ಬಸ್ಸು ಹಿಡಿಯುವುದು ನಮ್ಮ ರೂಢಿ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚಿಲ್ಲ, ಆಧಾರ್ ಕೈಯಲ್ಲಿರಬೇಕು. ರಾಜಹಂಸ, ಐರಾವತದಂಥ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ಶಿವಮೊಗ್ಗದಿಂದ ತಾಳಗುಪ್ಪದವರೆಗೆ ರೈಲೂ ಇದೆ, ಆದರೆ ಹಳಿ ಅಲ್ಲಿಗೇ ಮುಗಿಯುವುದರಿಂದ ಘಟ್ಟ ಇಳಿಯಲು ಬಸ್ಸೇ ಬೇಕು.

ಊಟದ ವಿಷಯದಲ್ಲಿ ಹಿರಿಯರಿಗೆ ಸ್ವಲ್ಪ ತೊಂದರೆಯಾಗುತ್ತದೆ. ಅಲ್ಲಿ ರೊಟ್ಟಿ ಸುಲಭವಾಗಿ ಸಿಗುವುದಿಲ್ಲ, ಪಲ್ಯ, ಸಾರುಗಳಿಗೆಲ್ಲ ತೆಂಗಿನಕಾಯಿ ಹೆಚ್ಚು. ನಮ್ಮ ತಾಯಿಯವರಿಗಾಗಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಹೋಗುತ್ತೇವೆ. ಮೊಸರು ಕೊಂಡರೆ ಅವರ ರಾತ್ರಿಯ ಊಟ ಆದಂತೆಯೇ. ನೀವು ಮೀನು ತಿನ್ನುವವರಾಗಿದ್ದರೆ ಅಕ್ಟೋಬರ್ ಒಳ್ಳೆಯ ಕಾಲ; ಜೂನ್, ಜುಲೈ ತಿಂಗಳ ಯಾಂತ್ರಿಕ ಮೀನುಗಾರಿಕೆ ನಿಷೇಧ ಮುಗಿದು ಮಾರುಕಟ್ಟೆ ತುಂಬಿರುತ್ತದೆ.

ಕೋಣೆಯನ್ನು ಗೊತ್ತುಮಾಡುವಾಗ ಫೋಟೋ ನೋಡಿ ಹಣ ಕಳುಹಿಸಬೇಡಿ, ವಸತಿಗೃಹಕ್ಕೆ ನೇರವಾಗಿ ಫೋನ್ ಮಾಡಿ ವಿಚಾರಿಸಿ. ನೆಲಮಹಡಿಯಲ್ಲಿ ಕೋಣೆ ಇದೆಯೇ, ಕುರ್ಚಿಯಂತೆ ಕೂರುವ ಕಮೋಡ್ ಇದೆಯೇ, ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆ, ಕರೆಂಟು ಹೋದರೆ ಫ್ಯಾನ್ ತಿರುಗುತ್ತದೆಯೇ ಎಂಬುದನ್ನು ಕೇಳಿ. ಸಮುದ್ರಕ್ಕೆ ಎಷ್ಟು ದೂರ ಎಂಬ ಪ್ರಶ್ನೆಗೆ ಎಲ್ಲರೂ ಹತ್ತಿರ ಎಂದೇ ಉತ್ತರಿಸುತ್ತಾರೆ. ಅತ್ತೆಯವರು ನಡೆದು ಹೋಗಬಲ್ಲರೇ, ನಡುವೆ ಹೆದ್ದಾರಿ ದಾಟಬೇಕೇ ಎಂದು ಕೇಳಿದರೆ ನಿಜ ತಿಳಿಯುತ್ತದೆ.