ಹೊಸ ರಾಜಕೀಯ ಪಕ್ಷ ಕಟ್ಟುವುದಾದರೆ ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಸಿಂಧನೂರಿನ ರೈತ

ನಾವು ಸಿಂಧನೂರು ಮತ್ತು ಮಾನ್ವಿ ತಾಲ್ಲೂಕುಗಳಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಭತ್ತದ ರೈತರು. ಎರಡನೆಯ ಬೆಳೆಗೆ ನೀರು ಸಿಗುತ್ತದೆಯೇ ಎಂದು ವರ್ಷವರ್ಷವೂ ಅರ್ಜಿ ಹಿಡಿದು ಅಲೆಯುವವರು. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಎಲ್ಲ ಪಕ್ಷಗಳ ನಾಯಕರೂ ಅಣೆಕಟ್ಟೆಗೆ ಬಂದು ನಿಂತರು, ಆದರೆ ನಮ್ಮ ಉಪಕಾಲುವೆಯ ತುದಿಯವರೆಗೆ ಯಾರೂ ಬರಲಿಲ್ಲ. ನಮ್ಮ ಗುಂಪಿನ ಕೆಲವರು ಈಗಾಗಲೇ ಗ್ರಾಮ ಪಂಚಾಯಿತಿ ಸದಸ್ಯರಾಗಿದ್ದಾರೆ. ಇನ್ನು ನಮ್ಮದೇ ಒಂದು ಪಕ್ಷ ಇರಲಿ ಎಂಬ ಮಾತು ಬಲವಾಗುತ್ತಿದೆ. ಹತ್ತು ಸಾವಿರ ರೂಪಾಯಿ ಮತ್ತು ನೂರು ಜನ ಇದ್ದರೆ ಸಾಕು ಎಂದು ಕೆಲವರು ಹೇಳುತ್ತಾರೆ. ನೋಂದಣಿಯಾಗಿ ಸುಮ್ಮನೆ ಬಿದ್ದಿರುವ ಪಕ್ಷವೊಂದನ್ನು ವಹಿಸಿಕೊಳ್ಳುವುದೇ ಸುಲಭ ಎಂದು ಇನ್ನು ಕೆಲವರ ವಾದ. ತಿಳಿದವರು ದಾರಿ ತೋರಿಸಬೇಕೆಂದು ಕೋರುತ್ತೇನೆ.

ಉತ್ತರ: ಬಳ್ಳಾರಿಯ ವಕೀಲ

ಹತ್ತು ಸಾವಿರ ಮತ್ತು ನೂರು ಜನ ಎಂಬುದು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಪಕ್ಷಗಳ ನೋಂದಣಿ ನಡೆಯುವುದು ಪ್ರಜಾಪ್ರತಿನಿಧಿ ಕಾಯ್ದೆ, 1951ರ 29ಎ ಕಲಮಿನ ಅಡಿಯಲ್ಲಿ, ದೆಹಲಿಯ ಭಾರತದ ಚುನಾವಣಾ ಆಯೋಗದಲ್ಲಿ. ಪಕ್ಷ ಸ್ಥಾಪನೆಯಾದ ದಿನದಿಂದ 30 ದಿನಗಳೊಳಗೆ ಅರ್ಜಿ ಆಯೋಗವನ್ನು ತಲುಪಬೇಕು. ಹೆಚ್ಚಿನವರು ಎಡವುವುದು ಇಲ್ಲಿಯೇ. ಸಮಾವೇಶ ನಡೆಸಿ, ಶಾಲು ಹೊದಿಸಿ, ಪಕ್ಷವನ್ನು ಘೋಷಿಸಿದ ಮೇಲೆ ಕಾಗದಪತ್ರ ಹುಡುಕಲು ಹೊರಡುತ್ತಾರೆ. ತಾವು ಅದನ್ನು ತಿರುಗುಮುರುಗು ಮಾಡಿ: ಕಾಗದಪತ್ರಗಳೆಲ್ಲ ಕೈಗೆ ಬಂದ ಮೇಲಷ್ಟೇ ಸ್ಥಾಪನೆಯ ಠರಾವು ಬರೆಯಿರಿ.

ಅರ್ಜಿಯ ಜೊತೆ 10,000 ರೂಪಾಯಿಯ ಡಿಮ್ಯಾಂಡ್ ಡ್ರಾಫ್ಟ್ ಇಡಬೇಕು, ಅದು ಹಿಂದಿರುಗುವುದಿಲ್ಲ. ಕನಿಷ್ಠ ನೂರು ಸದಸ್ಯರ ಹೆಸರುಗಳು ಮತದಾರರ ಪಟ್ಟಿಯಲ್ಲಿರುವುದಕ್ಕೆ ದೃಢೀಕೃತ ಪ್ರತಿ ಬೇಕು. ಅವರಲ್ಲಿ ಪ್ರತಿಯೊಬ್ಬರೂ, ತಾನು ನೋಂದಾಯಿತ ಮತದಾರನೆಂದೂ ಬೇರೆ ಯಾವ ನೋಂದಾಯಿತ ಪಕ್ಷದ ಸದಸ್ಯನೂ ಅಲ್ಲವೆಂದೂ ನೋಟರಿಯ ಮುಂದೆ ಪ್ರಮಾಣಪತ್ರ ಮಾಡಿಕೊಡಬೇಕು. ಪಕ್ಷದ ನಿಯಮಾವಳಿಯಲ್ಲಿ ಭಾರತದ ಸಂವಿಧಾನಕ್ಕೆ, ಸಮಾಜವಾದ, ಜಾತ್ಯತೀತತೆ ಮತ್ತು ಪ್ರಜಾಪ್ರಭುತ್ವದ ತತ್ವಗಳಿಗೆ ನಿಷ್ಠೆಯಿಂದಿದ್ದು ದೇಶದ ಸಾರ್ವಭೌಮತ್ವ, ಏಕತೆ ಮತ್ತು ಅಖಂಡತೆಯನ್ನು ಎತ್ತಿಹಿಡಿಯುವ ವಾಕ್ಯ ಇರಲೇಬೇಕು. ಪದಾಧಿಕಾರಿಗಳ ಚುನಾವಣೆ ಐದು ವರ್ಷಕ್ಕೆ ಮೀರದಂತೆ ನಡೆಯಬೇಕು. ವಿಲೀನ ಮತ್ತು ವಿಸರ್ಜನೆಯನ್ನು ಯಾರು, ಹೇಗೆ ತೀರ್ಮಾನಿಸಬೇಕೆಂಬುದನ್ನೂ ಬರೆದಿರಬೇಕು. ಬಳಿಕ ಎರಡು ರಾಷ್ಟ್ರೀಯ ಮತ್ತು ಎರಡು ಸ್ಥಳೀಯ ದಿನಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟು ಸಾರ್ವಜನಿಕರ ಆಕ್ಷೇಪಣೆಗಳನ್ನು ಆಹ್ವಾನಿಸಬೇಕು. ನೋಂದಣಿ ಶುಲ್ಕಕ್ಕಿಂತ ಈ ಪ್ರಕಟಣೆಯ ಖರ್ಚೇ ಭಾರವೆನಿಸಿದರೆ ಆಶ್ಚರ್ಯಪಡಬೇಡಿ.

ಇಷ್ಟಾದರೂ ಚಿಹ್ನೆ ನಿಮ್ಮದಾಗುವುದಿಲ್ಲ. ಚಿಹ್ನೆಯನ್ನು ಕಾಯ್ದಿರಿಸುವುದು ಮಾನ್ಯತೆ ಪಡೆದ ಪಕ್ಷಗಳಿಗೆ ಮಾತ್ರ. ರಾಜ್ಯ ಪಕ್ಷವಾಗಿ ಮಾನ್ಯತೆ ಪಡೆಯುವ ದಾರಿಗಳಲ್ಲೊಂದು ವಿಧಾನಸಭಾ ಚುನಾವಣೆಯಲ್ಲಿ ಶೇ. 6ರಷ್ಟು ಮತ ಮತ್ತು ಎರಡು ಸ್ಥಾನ ಗೆಲ್ಲುವುದು. ಅಲ್ಲಿಯವರೆಗೆ, ಒಟ್ಟು ಸ್ಥಾನಗಳ ಶೇ. 5ರಷ್ಟಾದರೂ ಕ್ಷೇತ್ರಗಳಲ್ಲಿ ಸ್ಪರ್ಧಿಸುವುದಾಗಿ ಮೊದಲೇ ಅರ್ಜಿ ಸಲ್ಲಿಸಿದರೆ, ಯಾವ ಪಕ್ಷಕ್ಕೂ ಕಾಯ್ದಿರಿಸದ ಮುಕ್ತ ಚಿಹ್ನೆಗಳಲ್ಲಿ ಒಂದನ್ನು ಆ ಚುನಾವಣೆಯ ಮಟ್ಟಿಗೆ ನಿಮ್ಮ ಎಲ್ಲ ಅಭ್ಯರ್ಥಿಗಳಿಗೂ ಸಮಾನ ಚಿಹ್ನೆಯಾಗಿ ಪಡೆಯಬಹುದು. ನಮ್ಮ ವಿಧಾನಸಭೆಯ 224 ಸ್ಥಾನಗಳ ಲೆಕ್ಕದಲ್ಲಿ ಅದು 12 ಕ್ಷೇತ್ರ. ತಮ್ಮ ಕಾಲುವೆಯ ಸಮಸ್ಯೆ ಹನ್ನೆರಡು ಕ್ಷೇತ್ರಗಳಿಗೆ ಹರಡಿದೆಯೇ ಎಂದು ಮೊದಲು ಎಣಿಸಿ ನೋಡಿ.

ಉತ್ತರ: ಗಂಗಾವತಿಯ ಮತದಾರ

ವಕೀಲರು ಕಾಯ್ದೆಯನ್ನು ತಿಳಿಸಿದ್ದಾರೆ, ನಾನು ಅರಳೀಕಟ್ಟೆಯ ಮಾತನ್ನು ಹೇಳುತ್ತೇನೆ. ನಮ್ಮ ಭಾಗದ ಜನ ಹೊಸ ಪಕ್ಷಗಳನ್ನು ಕಾಣದವರಲ್ಲ. ಬಿ. ಶ್ರೀರಾಮುಲು ಅವರು 2011ರಲ್ಲಿ ಕಟ್ಟಿದ ಬಡವರ ಶ್ರಮಿಕರ ರೈತರ ಕಾಂಗ್ರೆಸ್ 2013ರಲ್ಲಿ ನಾಲ್ಕು ಸ್ಥಾನ ಗೆದ್ದಿತು; ಮರುವರ್ಷ ಅದು ಬಿಜೆಪಿಯಲ್ಲಿ ವಿಲೀನವಾಯಿತು. ಗಾಲಿ ಜನಾರ್ದನ ರೆಡ್ಡಿ ಅವರು 2022ರ ಡಿಸೆಂಬರ್‌ನಲ್ಲಿ ಕಲ್ಯಾಣ ರಾಜ್ಯ ಪ್ರಗತಿ ಪಕ್ಷವನ್ನು ಘೋಷಿಸಿದರು; ಫುಟ್‌ಬಾಲ್ ಚಿಹ್ನೆಯ ಮೇಲೆ 2023ರಲ್ಲಿ ಇದೇ ನಮ್ಮ ಗಂಗಾವತಿಯಿಂದ ಗೆದ್ದರು; 2024ರ ಮಾರ್ಚ್‌ನಲ್ಲಿ ಆ ಪಕ್ಷವೂ ಬಿಜೆಪಿಯನ್ನು ಸೇರಿತು. ಅದು ಅವರವರ ರಾಜಕೀಯ ನಿರ್ಧಾರ, ತಪ್ಪು ಸರಿಯ ತೀರ್ಪು ನನ್ನ ಕೆಲಸವಲ್ಲ. ಆದರೆ ನೀವು ಮತ ಕೇಳಲು ಬಂದಾಗ ಜನ ಮೊದಲು ಕೇಳುವುದು ನೀರಿನ ವಿಷಯವನ್ನಲ್ಲ, "ನೀವು ಯಾವಾಗ ಯಾರ ಜೊತೆ ಸೇರುತ್ತೀರಿ?" ಎಂಬುದನ್ನು. ಆದ್ದರಿಂದ ವಿಲೀನದ ನಿಯಮವನ್ನು ಬೇರೆ ಪಕ್ಷದ ನಿಯಮಾವಳಿಯಿಂದ ನಕಲು ಮಾಡಬೇಡಿ. ಅಧ್ಯಕ್ಷರೊಬ್ಬರ ಸಹಿಯಿಂದ ವಿಲೀನ ಸಾಧ್ಯವಿಲ್ಲ, ಸರ್ವಸದಸ್ಯರ ಸಭೆಯಲ್ಲಿ ಗುಪ್ತ ಮತದಾನ ನಡೆಯಬೇಕು ಎಂದು ನೀವೇ ಬರೆದುಕೊಂಡು, ಅದನ್ನು ಅಚ್ಚುಹಾಕಿಸಿ ಹಳ್ಳಿಹಳ್ಳಿಗೆ ಹಂಚಿ.

ಸಿದ್ಧ ಪಕ್ಷವನ್ನು ವಹಿಸಿಕೊಳ್ಳುವ ವಿಚಾರವನ್ನಂತೂ ಬಿಟ್ಟುಬಿಡಿ. ನಟ ಉಪೇಂದ್ರ ಅವರು 2017ರಲ್ಲಿ ಕರ್ನಾಟಕ ಪ್ರಜ್ಞಾವಂತ ಜನತಾ ಪಕ್ಷವನ್ನು ಸೇರಿ, ಅದರ ಸ್ಥಾಪಕರೊಡನೆ ಭಿನ್ನಾಭಿಪ್ರಾಯ ಬಂದು, 2018ರ ಚುನಾವಣೆಗೆ ಮೊದಲೇ ಹೊರಬಂದು ಉತ್ತಮ ಪ್ರಜಾಕೀಯ ಪಕ್ಷವನ್ನು ಬೇರೆಯಾಗಿ ಆರಂಭಿಸಬೇಕಾಯಿತು. ಇನ್ನೊಬ್ಬರು ಕಟ್ಟಿದ ಮನೆಯಲ್ಲಿ ಬಾಗಿಲಿನ ಕೀಲಿ ಅವರ ಬಳಿಯೇ ಇರುತ್ತದೆ. ಸುಮ್ಮನೆ ಬಿದ್ದಿರುವ ಪಕ್ಷ ಎಂದಿರಲ್ಲ, ಅಂಥವುಗಳ ಮೇಲೆ ಆಯೋಗದ ಕಣ್ಣೂ ಇದೆ: 2019ರಿಂದ ಯಾವ ಚುನಾವಣೆಯಲ್ಲೂ ಸ್ಪರ್ಧಿಸದ 334 ಪಕ್ಷಗಳನ್ನು ಅದು 2025ರ ಆಗಸ್ಟ್‌ನಲ್ಲಿ ಪಟ್ಟಿಯಿಂದ ತೆಗೆದುಹಾಕಿತು.

ಉತ್ತರ: ರಾಯಚೂರಿನ ನಿವೃತ್ತ ಶಿಕ್ಷಕ

ನನ್ನದು ಒಂದೇ ಪ್ರಶ್ನೆ. ವಿಧಾನಸಭೆಯ ತನಕ ಹೋಗುವ ಅವಸರವೇಕೆ? ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಪಕ್ಷೇತರರಾಗಿ ಸ್ಪರ್ಧಿಸಲು ನಿಮಗೆ ನೋಂದಣಿಯೇ ಬೇಡ. 2021ರಲ್ಲಿ ಅವಧಿ ಮುಗಿದ ಆ ಚುನಾವಣೆಗಳು ವರ್ಷಗಟ್ಟಲೆ ಮುಂದೆ ಹೋದದ್ದು ನಿಜ, ಆದರೂ ಸಿದ್ಧತೆಗೆ ಅದೇ ತಕ್ಕ ಅಳತೆಯ ಕಣ.

ಪ್ರಶ್ನೆ ಕೇಳಿದವರು: ಸಿಂಧನೂರಿನ ರೈತ

ಎಲ್ಲರಿಗೂ ವಂದನೆಗಳು. ವಕೀಲರ ಮಾತು ಓದಿದ ಮೇಲೆ ಪಟ್ಟಿ ಹಿಡಿದು ಕುಳಿತೆವು. ಹುರುಪಿನಿಂದ ಹೆಸರು ಕೊಟ್ಟವರು ನೂರಕ್ಕೂ ಹೆಚ್ಚು. ಆದರೆ ಅವರಲ್ಲಿ ಅನೇಕರು ಹಿಂದೆ ಯಾವುದೋ ಪಕ್ಷಕ್ಕೆ ಮಿಸ್ಡ್ ಕಾಲ್ ಕೊಟ್ಟು ಸದಸ್ಯರಾದವರು, ಕೆಲವರಿಗಂತೂ ತಾವು ಎಷ್ಟು ಪಕ್ಷಗಳಲ್ಲಿದ್ದೇವೆ ಎಂಬುದೇ ತಿಳಿಯದು. ಇಂಥವರು ಪ್ರಮಾಣಪತ್ರಕ್ಕೆ ಸಹಿ ಹಾಕಬಹುದೇ? ಇನ್ನೊಂದು ಸಂದೇಹ: ನಾವು ಜಾತ್ರೆಗೆ ಪಟ್ಟಿ ಎತ್ತುವಂತೆ ಸುಗ್ಗಿಯಲ್ಲಿ ಎಕರೆಗಿಷ್ಟು ಎಂದು ನಗದು ಸಂಗ್ರಹಿಸಬಹುದೇ?

ಉತ್ತರ: ಬಳ್ಳಾರಿಯ ವಕೀಲ

ಪ್ರಮಾಣಪತ್ರದಲ್ಲಿ ಸುಳ್ಳು ಹೇಳುವುದು ಅಪರಾಧ. ಸಂದೇಹ ಇರುವವರು ಆಯಾ ಪಕ್ಷಕ್ಕೆ ಲಿಖಿತ ರಾಜೀನಾಮೆಯನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿ, ರಸೀದಿಯನ್ನು ಇಟ್ಟುಕೊಂಡ ನಂತರವೇ ಸಹಿ ಹಾಕಲಿ. ಹಣದ ವಿಷಯದಲ್ಲಿ, ಆದಾಯ ತೆರಿಗೆಯ ವಿನಾಯಿತಿ ಉಳಿಯಬೇಕಾದರೆ 2,000 ರೂಪಾಯಿಗಿಂತ ಹೆಚ್ಚಿನ ದೇಣಿಗೆಯನ್ನು ನಗದಾಗಿ ಪಡೆಯುವಂತಿಲ್ಲ. ಒಬ್ಬರಿಂದ ವರ್ಷದಲ್ಲಿ 20,000ಕ್ಕಿಂತ ಹೆಚ್ಚು ಬಂದರೆ ಆಯೋಗಕ್ಕೆ ವರದಿ ಸಲ್ಲಿಸಬೇಕು. ಎಕರೆ ಲೆಕ್ಕದಲ್ಲಿ ಎತ್ತುವುದಾದರೆ ರಸೀದಿ ಪುಸ್ತಕವನ್ನು ಈಗಲೇ ಅಚ್ಚುಹಾಕಿಸಿ. ನಿಯಮಾವಳಿಯ ಕರಡು ಸಿದ್ಧವಾದಾಗ ಇಲ್ಲಿಯೇ ಹಾಕಿ, ವಿಲೀನದ ಕಲಮನ್ನು ನಾನೂ ಗಂಗಾವತಿಯವರೂ ಓದಿ ನೋಡುತ್ತೇವೆ.